ಕೆಮಿಯಲ್ಲಿ ಗುರುವಾರ

ಬಾಗಿಲ ಬಳಿ ಎಂಟು ಜೊತೆ ಬೂಟು,
ಒಂದೊಂದರ ಸುತ್ತ ಕರಗಿದ ಹಿಮದ ಪುಟ್ಟ ಕೆರೆ.
ಒಳಗೆ ಕಾಲುಚೀಲದಲ್ಲೇ ದುಂಡಗೆ ಕೂರುತ್ತೇವೆ.
ಕಾಲುಚೀಲದಲ್ಲಿ ಕೂತವರಿಗೆ ಸುಳ್ಳು ಹೇಳುವುದು ಕಷ್ಟ
ಎನ್ನುತ್ತಾಳೆ ನರ್ಸ್ ಐರಾ. ಅವಳದೇ ಹೆಬ್ಬೆರಳ ಬಳಿ ತೂತು.

ಕಾಗದದ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು.
ಮೂರನೇ ಯಂತ್ರದ ಗದ್ದಲದೊಳಗಿಂದ ಒಬ್ಬ ಕರೆದ, ಹೆಸರು ಹಿಡಿದು.
ಮಿಲ್ಲು ಮುಚ್ಚಿತು. ಅವನ ಪಾಳಿ ಮಾತ್ರ ಮುಗಿಯಲಿಲ್ಲ.
ಏಳು ಅಂದರೆ ಎದ್ದೆ,
ಫೋನು ಒಡೆ ಅಂದರೆ ಒಡೆದೆ.

ಕೊಲ್ಲಿ ಹೆಪ್ಪುಗಟ್ಟಿದ್ದ ಒಂದು ಗುರುವಾರ
ಕೌಕೊ ಹೇಳಿದ, ಹವಾಮಾನ ಓದುವವನ ಹಾಗೆ:
'ಮೂರು ವಾರದಿಂದ ಮಾತ್ರೆಯೆಲ್ಲ ಜೆರೇನಿಯಂ ಕುಂಡಕ್ಕೆ.
ಗಿಡ ಚೆನ್ನಾಗಿದೆ. ನಾನೂ.'
ನಕ್ಕೆವು. ಒಬ್ಬ ಆಕಳಿಸಿದರೆ ಎಲ್ಲರ ಬಾಯೂ ತೆರೆಯುವಂತೆ
ಸುತ್ತು ಬಂತು ಆ ನಗು.
ಐರಾ ಬೋರ್ಡಿನ ಮೇಲೆ ಗ್ರಾಫು ಬರೆದಳು, ಏರಿ ಇಳಿಯುವ ಗೆರೆ.
ನಾವು ನೋಡುತ್ತಿದ್ದದ್ದು ಕೌಕೊನ ಮುಖ.
ಅದಕ್ಕೆ ಬಣ್ಣ ಬಂದಿತ್ತು.

ಆ ರಾತ್ರಿ ಅಂಗೈಯಲ್ಲಿ ಮಾತ್ರೆ ಹಿಡಿದು ನಿಂತೆ.
ನನ್ನ ಮನೆಯಲ್ಲಿ ಕುಂಡವಿಲ್ಲ. ಸಿಂಕು ಇತ್ತು.
ರೈನೆಯದು ಬೆಕ್ಕಿನ ಮರಳಿಗೆ, ಹಿಲ್ಲೆವಿಯದು ಕೋಟಿನ ಅಸ್ತರಿನೊಳಕ್ಕೆ
(ಇದು ತಿಳಿದದ್ದು ಆಮೇಲೆ).

ಮುಂದಿನ ವಾರ ಏಳು ಜೊತೆ ಬೂಟು. ಅದರ ಮುಂದಿನದು, ಆರು.
ಕೌಕೊನ ಕುರ್ಚಿ ಎತ್ತಲು ಹೋದಳು ಐರಾ.
ಇರಲಿ, ಅಂದರು ಯಾರೋ.

ಆಗ ತುವೋವಿ, ಎರಡು ವರ್ಷದಲ್ಲಿ
'ಹಾಲು ಬೇಡ' ಬಿಟ್ಟು ಬೇರೆ ಮಾತಾಡದವಳು:
'ನಾನೂ ನಿಲ್ಲಿಸಿದ್ದೆ. ಮಗಳಿಗೆ ಆರು ವರ್ಷ.
ಅವಳ ಸ್ವೆಟರಿನ ಉಣ್ಣೆ ನನ್ನ ವಿರುದ್ಧ ಏನೋ ಬರೆಯುತ್ತಿತ್ತು.
ಬಿಚ್ಚಿದೆ. ಅವಳ ಮೈಮೇಲೆ ಇದ್ದ ಹಾಗೇ,
ನೂಲು ಎಳೆದು, ಎಳೆದು.
ಅಳಲಿಲ್ಲ ಅವಳು. ಎರಡೂ ಕೈ ಎತ್ತಿ ನಿಂತಿದ್ದಳು,
ನನಗೆ ಸುಲಭವಾಗಲಿ ಅಂತ.'

ಅಷ್ಟೇ. ನೀವು ಹೀಗೆ ಮಾಡಿ ಅನ್ನಲಿಲ್ಲ.
ಕಪ್ಪು ಕಾಫಿ ಕುಡಿದಳು. ರೈನೆ ತನ್ನ ಕಾಲುಚೀಲ ನೋಡಿಕೊಂಡ.

ರಾತ್ರಿ ಮಿಲ್ಲಿನವನು ಚೆಲ್ಲು ಅಂದ, ಚೆಲ್ಲು, ಚೆಲ್ಲೋ.
ಕೇಳಿಸಿತು.
ಕೇಳಲಿಲ್ಲ.
ತುವೋವಿಯ ಮಾತು ಕೇಳಿದೆ ಅನ್ನಲೂ ಆಗದು,
ಅವಳು ಏನೂ ಹೇಳಿರಲೇ ಇಲ್ಲವಲ್ಲ.
ನೀರಿನೊಂದಿಗೆ ನುಂಗಿದೆ. ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು.

ಮಾರ್ಚಿನಲ್ಲಿ ಬಂದ ಕೌಕೊ, ಮುಖ ಊದಿಕೊಂಡು,
ಕಂಕುಳಲ್ಲಿ ಕುಂಡ.
ಗಿಡ ಬಾಡಿತ್ತು. ಮಾತ್ರೆಯಿಂದಲ್ಲವಂತೆ,
ಆಸ್ಪತ್ರೆಯಲ್ಲಿದ್ದಾಗ ನೀರು ಹಾಕುವವರು ಇರಲಿಲ್ಲ.
ಯಾರೂ ಏನೂ ಕೇಳಲಿಲ್ಲ.
ಹಿಲ್ಲೆವಿ ತನ್ನ ಲೋಟದ ನೀರು ಸುರಿದಳು.
ಆಮೇಲೆ ರೈನೆ. ಆಮೇಲೆ ನಾನು.
ತಟ್ಟೆ ತುಂಬಿ ಮೇಜಿನ ಮೇಲೆ ಹರಿಯಿತು.
'ಸಾಕು, ಬೇರು ಕೊಳೆಯುತ್ತೆ' ಅಂದ ಕೌಕೊ.
ಅಷ್ಟರಲ್ಲಿ ತುವೋವಿ ಎದ್ದಿದ್ದಳು.
ಅವಳ ಲೋಟದಲ್ಲಿದ್ದದ್ದು ಕಾಫಿ.
ಅದನ್ನೂ ಸುರಿದಳು.