ಮೂರನೇ ಸೋಸು

ಮಾಚೇನಹಳ್ಳಿ, ರಾತ್ರಿ ಪಾಳಿ. ಕಲ್ಲಿದ್ದಲು
ಇಲ್ಲಿಗೆ ಬರುವಾಗಲೇ ಕಲ್ಲಲ್ಲ, ಇದ್ದಲೂ ಅಲ್ಲ;
ಇನ್ನೂರೈವತ್ತು ಡಿಗ್ರಿಯಲ್ಲಿ ಕಾದಿರುವ
ಕಾಕಂಬಿಯಂಥ ಒಂದು ಕಪ್ಪು.
ತಣ್ಣಗಾಗಲು ಬಿಟ್ಟೆವೋ, ಕೊಳವೆಯೊಳಗೇ ಮತ್ತೆ ಕಲ್ಲು.
ಕಳೆದ ವಾರ ಎರಡು ಮೀಟರ್ ಕೊಯ್ದು ತೆಗೆದಾಗ
ಬೆಸುಗೆಯ ಲಾಜರಸ್ ಮಾತಾಡಲಿಲ್ಲ, ಉಗುಳಿದ ಅಷ್ಟೆ.

ಹೊಸ ಹುಡುಗಿ ತಬಸ್ಸುಮ್ ಕೇಳುತ್ತಾಳೆ:
"ಎಣ್ಣೆ ಆಗೇ ಹೋಯ್ತಲ್ಲ ಮೇಡಂ, ಇನ್ಯಾಕೆ ಸೋಸೋದು?"
ಮುಂದಿನ ಗೋಪುರದಲ್ಲಿ ಜಲಜನಕ ಕಾದಿದೆ,
ಅಲ್ಲಿ ಕಡಲೆಬೇಳೆಯಷ್ಟಷ್ಟೇ ಕ್ಯಾಟಲಿಸ್ಟ್ ಗುಂಡುಗಳು,
ಒಂದೊಂದರ ಮೈತುಂಬ ಕಣ್ಣಿಗೆ ಕಾಣದ ಬಾಗಿಲು.
ಜೇಡಿ, ಮರಳು, ಸುಣ್ಣ, ಕಬ್ಬಿಣ
ಹಿಟ್ಟಿಗಿಂತ ನುಣ್ಣಗೆ ಬಂದು ಹೊಸ್ತಿಲಲ್ಲೇ ಕೂತರೆ
ಒಳಗೆ ಹೋಗುವವರು ಯಾರು?

"ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ," ಅಂದಳು.
ಅಲ್ಲ. ಕಲ್ಲು ಹಲ್ಲಿಗಾದರೂ ಸಿಗುತ್ತದೆ.
ಇದಕ್ಕೆ ತೆಳು ಎಣ್ಣೆ ಬೆರೆಸಬೇಕು,
ಆಮೇಲೆ ಸುಮ್ಮನಿರಬೇಕು.
ಕಣಕ್ಕೆ ಕಣ ಅಂಟಿ, ಮುದ್ದೆಯಾಗಿ,
ತನ್ನ ಭಾರ ತನಗೇ ಗೊತ್ತಾಗಿ ಕೆಳಗಿಳಿಯುವ ತನಕ
ಕಲಕುವ ಗುಂಡಿಯತ್ತ ಹೋಗುವ ಬೆರಳನ್ನು ತಡೆದುಕೊಳ್ಳಬೇಕು.
ಮೇಲೆ ನಿಂತದ್ದು ತಿಳಿ. ಅಡಿಗಿಳಿದದ್ದು ಗಸಿ.
ತಿಳಿಯೂ ಕಪ್ಪೇ ಕಣೇ, ಅದೇ ಕಷ್ಟ.
ಕಪ್ಪು ತಿಳಿಯಾಗಿದೆಯೋ ಇಲ್ಲವೋ
ಕಣ್ಣು ಹೇಳುವುದಿಲ್ಲ; ಸುಟ್ಟು ತೂಗಬೇಕು.

ಮೂರನೇ ಸೋಸು. ಬೆಳಗಿನ ನಾಲ್ಕು.
ಮೂಸೆಯನ್ನು ಇಕ್ಕಳದಲ್ಲಿ ಹೊರಗೆ ತೆಗೆದೆ.
ಹತ್ತು ಗ್ರಾಂ ಕಪ್ಪು ಎಲ್ಲ ಹೋಗಿ
ತಳದಲ್ಲಿ ಉಳಿದಿತ್ತು, ಉಗುರಂಚಿನಷ್ಟು,
ಕೆಮ್ಮಣ್ಣಿನ ಬಣ್ಣದ ಬೂದಿ.

ಅಪ್ಪ ಭದ್ರಾವತಿಯ ಕುಲುಮೆಯಲ್ಲಿ ಮೂವತ್ತೊಂದು ವರ್ಷ
ಈ ಬಣ್ಣದ ಹಿಂದೆ ಬಿದ್ದಿದ್ದ.
ಗುಡ್ಡದಿಂದ ಹಗ್ಗದ ತೊಟ್ಟಿಲಲ್ಲಿ ಇಳಿದು ಬಂದ ಅದುರನ್ನು
ಇದ್ದಲ ಜೊತೆ ಉರಿಸಿ
ಕಬ್ಬಿಣ ಇಟ್ಟುಕೊಂಡು ಕಿಟ್ಟ ಚೆಲ್ಲುತ್ತಿದ್ದ.
ನಾನು ಇದ್ದಲು ಇಟ್ಟುಕೊಂಡು
ಕಬ್ಬಿಣ ಚೆಲ್ಲುತ್ತೇನೆ.

ಅವನ ಡಬ್ಬಿಯಲ್ಲಿದ್ದ ಲಾಳದ ಅಯಸ್ಕಾಂತ
ಈಗ ನನ್ನ ಡ್ರಾಯರಿನಲ್ಲಿದೆ. ಮೂಸೆಯ ಹತ್ತಿರ ಹಿಡಿದೆ.
ಬೂದಿ ಕದಲಲಿಲ್ಲ. ಅಷ್ಟು ಸುಟ್ಟು ಕೆಂಪಾದ ಕಬ್ಬಿಣ
ಕರೆದರೆ ಓಗೊಡುವುದಿಲ್ಲ.
ಗೊತ್ತಿತ್ತು. ಗೊತ್ತಿದ್ದೂ ಹಿಡಿದೆ.
ತಬಸ್ಸುಮ್ ನೋಡುತ್ತಿದ್ದಳು, ಏನೂ ಕೇಳಲಿಲ್ಲ.

ಪುಸ್ತಕದಲ್ಲಿ ಬರೆದೆ: ಎಂಟು ಮಿಲಿಗ್ರಾಂ. ಕಳಿಸಬಹುದು.
ಸೊನ್ನೆ ಯಾವತ್ತೂ ಬಂದಿಲ್ಲ, ಬರುವುದೂ ಇಲ್ಲ.
ಕವಾಟ ತಿರುವಿದಾಗ ಕೊಳವೆಯಲ್ಲಿ ಒಂದು ಸದ್ದು,
ಮಾತಾಡುವ ಮೊದಲು ಯಾರೋ
ಗಂಟಲು ಸರಿಮಾಡಿಕೊಂಡ ಹಾಗೆ.