ಇದೋ, ಅದೋ

ಹಗಲೆಲ್ಲ ನನ್ನ ಬಾಯಲ್ಲಿ ಒಂದೇ ಮಾತು:
ಇದು ಚೆನ್ನಾಗಿ ಕಾಣುತ್ತೋ, ಅದೋ?
ಅರಸೀಕೆರೆ, ಸ್ಟೇಷನ್ ರಸ್ತೆ, ಆರಡಿ ಅಗಲದ ಕನ್ನಡಕದಂಗಡಿ.
ಮುದ್ದಲಿಂಗಯ್ಯನವರ ಮೂಗಿನ ಮೇಲೆ ಭಾರದ ಚೌಕಟ್ಟು,
ಒಂದು ಗಾಜು ತೆಗೆದು ಇನ್ನೊಂದಿಟ್ಟರೆ
‘ಎರಡೂ ಒಂದೇ ಥರ ಕಾಣ್ತವಲ್ಲ ತಾಯಿ’ ಎಂದರು,
ಮಗ್ಗಿ ಮರೆತ ಹುಡುಗನ ಹಾಗೆ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು:
ಇದನ್ನ ಹಾಕ್ಕೊಂಡ್ರೆ ಕೃತ್ತಿಕೆ ಎಣಿಸಬಹುದಾ?
ಕುರಿ ಕಾಯುವಾಗ ಏಳು ಎಣಿಸ್ತಿದ್ದೆ.
ಈಗ ಒಂದು ಚಿಟಿಕೆ ಬೂದಿ.

ರಾತ್ರಿ ತಾರಸಿ. ನೀರಿನ ಟ್ಯಾಂಕಿನ ಪಕ್ಕ ಮೂರು ಕಾಲೂರಿದ ದೂರದರ್ಶಕ,
ಅದರ ಪಕ್ಕೆಗೆ ಕಚ್ಚಿಕೊಂಡ ಕ್ಯಾಮೆರಾ.
ಮೊದಲು ರೋಹಿಣಿ. ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿದರೆ
ನಕ್ಷತ್ರವೆಲ್ಲಿ ಬಂತು, ನಡುವೆ ತೂತಿರುವ ಉದ್ದಿನ ವಡೆ.

ಗುಂಡಿ ತಿರುಗಿಸುತ್ತೇನೆ, ಕೂದಲೆಳೆಯಷ್ಟು.
ವಡೆ ಕುಗ್ಗಿ ಅವರೆಕಾಳು, ಅವರೆ ಕುಗ್ಗಿ ಸಾಸಿವೆ,
ಇನ್ನೂ ಸಣ್ಣದಾದೀತೆಂದು ಇನ್ನೊಂದೆಳೆ
ಮತ್ತೆ ಊದಿತು.
ದಾಟದೆ ಎಲ್ಲಿತ್ತೆಂದು ತಿಳಿಯದ ಜಾಗ;
ತಿಳಿದಾಗ ಅಲ್ಲಿ ನಿಂತಿರುವುದಿಲ್ಲ ನಾನು.

ಹಳೇ ಕ್ಯಾಲೆಂಡರಿನ ರಟ್ಟಿಗೆ ಬ್ಲೇಡು ಹಾಕಿ ಸೀಳಿದ ಜಾಲರಿ,
ಅದನ್ನು ಕೊಳವೆಯ ಬಾಯಿಗೆ ಮುಚ್ಚಿದೆ.
ರೋಹಿಣಿಗೆ ಮೂರು ಗೆರೆ ಮೂಡಿದವು:
ಎರಡು ಕತ್ತರಿ ಹಾಕಿ ನಿಂತಿವೆ, ಮೂರನೆಯದು
ಬಸ್ಸಿನ ಸೀಟಿನ ತುದಿಗೆ ಕೂತವರ ಹಾಗೆ ಒಂದು ಬದಿಗೆ.
ಅದು ನಡುವಿಗೆ ಬರಬೇಕು. ಉಸಿರು ಬಿಡಬಾರದು.
ಬಂತು, ಬಂತು ಎನ್ನುವಷ್ಟರಲ್ಲಿ
ಬೀರೂರು ಕಡೆಯ ಗೂಡ್ಸು!
ಐವತ್ತೆಂಟು ಡಬ್ಬಿ.
ಮನೆಯೇ ನಡುಗುವಾಗ ಎಣಿಸದೆ ಇನ್ನೇನು ಮಾಡಲಿ,
ಪರದೆಯಲ್ಲಿ ಚುಕ್ಕೆ ಅಕ್ಕಿಯ ಹಾಗೆ ಕುದಿಯುತ್ತಿತ್ತು.

ಹನ್ನೊಂದಕ್ಕೆ ಸರಿಯಿದ್ದದ್ದು ಒಂದಕ್ಕೆ ಸರಿಯಿಲ್ಲ.
ಮಾಗಿ ಚಳಿಗೆ ಕೊಳವೆ ಮುದುರಿದೆ, ನಾನೂ.
ಕೃತ್ತಿಕೆ ಪಡುವಲಿಗೆ ವಾಲುತ್ತಿದೆ.
ಮತ್ತೆ ರಟ್ಟು, ಮತ್ತೆ ಗೆರೆ,
ಇದೋ, ಅದೋ?
ಕೇಳುವವಳೂ ನಾನೇ,
‘ಎರಡೂ ಒಂದೇ ಥರ’ ಎಂದು ತಲೆ ತಗ್ಗಿಸುವವಳೂ ನಾನೇ.

ಒಂದೂ ಮುಕ್ಕಾಲಿಗೆ ಒಂದು ಚಿತ್ರ ನಿಂತಿತು.
ಸೂಜಿ ಚುಚ್ಚಿದಂಥ ಬೆಳಕು, ಸುತ್ತ ತೆಳು ನೀಲಿ ಹೊಗೆ.
ಎಣಿಸಲು ಹೊರಟು ತೊಂಬತ್ತಕ್ಕೆ ಬಿಟ್ಟೆ.
ಅವರು ಕೇಳಿದ್ದು ಏಳು.

ಆ ಎಡಗಣ್ಣಿಗೆ ನಾನು ಬೇಗ ನಿಲ್ಲಿಸಿದೆ.
ಇನ್ನೂ ಕಾಲು ಪಾಯಿಂಟು ಏರಿಸಿ, ಮಬ್ಬಾಯಿತು ಎನ್ನುವ ತನಕ ಹೋಗಿ
ಹಿಂದಕ್ಕೆ ಬರಬೇಕಿತ್ತು.

ಕೆಳಗಿಳಿದು, ಬೆರಳು ಇನ್ನೂ ಮರಗಟ್ಟಿರುವಾಗಲೇ,
ಆರ್ಡರ್ ಪುಸ್ತಕದಲ್ಲಿ ಸೊಟ್ಟಗೆ ಬರೆದೆ:
ಮುದ್ದಲಿಂಗಯ್ಯ. ಎಡಗಣ್ಣು. ಗಾಜು ಕೊರೆಯಬೇಡಿ.
ಇನ್ನೊಮ್ಮೆ ನೋಡಬೇಕು.