ಅಳತಿ ನೀರು

ದಿನಕ್ಕ ಮೂರು ವಾಟಗಾ.
ಅದೂ ಕುದಿಸಿ, ಅಜವಾನ ಹಾಕಿ, ಅರ್ಧಕ್ಕ ಇಳಿಸಿ.
ನಮ್ಮವ್ವ ನನಗ ಹಂಗ ಕೊಟ್ಟಿದ್ಲು,
ನಾ ಪದ್ದಿಗೆ ಕೊಟ್ಟೆ.
ಹೆಚ್ಚು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ನೆಗಡಿ ಹತ್ತತೈತಿ.
ಬೆಟಗೇರಿ ನೇಕಾರ ಓಣಿಯಾಗ
ಇದನ್ನ ಯಾರೂ ಯಾರಿಗೂ ಕಲಸಂಗಿಲ್ಲ,
ಎಲ್ಲಾರಿಗೂ ಗೊತ್ತಿರತೈತಿ.

ಹೊರಸಿನ ಬುಡಕ ಕೆಂಡ, ಕಿವಿಯೊಳಗ ಹತ್ತಿ,
ತಗಡಿನ ಮ್ಯಾಲ ಮೇ ತಿಂಗಳ ಬಿಸಲು.
ಎಂಟನೇ ದಿನ ತಲಿನೋವು ಅಂದ್ಲು.
ಗಾಳಿ ಹೊಕ್ಕೈತಿ ಅಂತ ಕುಲಾಯಿ ಬಿಗದೆ.
ಒಂಬತ್ತಕ್ಕ ವಾಂತಿ. ಅಂಟಿನ ಉಂಡಿ ಅರಗಿಲ್ಲ ಅಂದೆ.
ಮಲಗಿದ್ರ ಹೆಚ್ಚಾಗತೈತಿ ಬೇ, ಗ್ವಾಡಿ ಎರಡೆರಡು ಕಾಣತಾವ.
ಬಾಣಂತಿ ಅಳಬಾರದು, ಕಣ್ಣು ಕೆಡತಾವ, ಅಂದೆ.

ಹತ್ತನೇ ದಿನ ಕೂಸಿನ ತೂಕ ನೋಡಾಕ ಬಂದ
ಖುತೀಜಾ ಸಿಸ್ಟರ್
ತಕ್ಕಡಿ ಚೀಲದಿಂದ ತಗೀಲೇ ಇಲ್ಲ.
ಪದ್ದಿಯ ಬಲಗೈಯಾಗ ತನ್ನ ಬೆರಳು ಇಟ್ಟು
ಹಿಚುಕು ಅಂದ್ಲು.
ಬೆರಳು ಹಂಗ ಉಳೀತು.
ನೀರು ಎಷ್ಟು ಕುಡದಿ?
ಪದ್ದಿ ನನ್ನ ಕಡೆ ನೋಡಿದ್ಲು.

ಅಂಬುಲೆನ್ಸ್ ಅಣ್ಣಿಗೇರಿ ದಾಟೂದರಾಗ ಫಿಟ್ಸ್ ಬಂತು.
ಕೂಸು ನನ್ನ ಉಡಿಯಾಗ ಮಲಗೇ ಇತ್ತು.

ಹುಬ್ಬಳ್ಳಿ ದವಾಖಾನಿಯ ಸಣ್ಣ ವಯಸ್ಸಿನ ಡಾಕ್ಟರು
ಫಿಲ್ಮು ಬೆಳಕಿಗೆ ಹಿಡದು ತೋರಿಸಿದ್ರು:
ತಲಿಯಿಂದ ರಕ್ತ ಕೆಳಗಿಳಿಯೋ ದಾರಿ ಇದು,
ಇಲ್ಲಿ ಹೆಪ್ಪುಗಟ್ಟೈತಿ.
ಸಾವಿರಾರು ಬಾಣಂತ್ಯಾರೊಳಗ ಒಬ್ಬಾಕಿಗೆ.
ಹಡದ ಮ್ಯಾಲ ರಕ್ತ ತಾನ ಗಟ್ಟಿಯಾಗಾಕ ನೋಡತೈತಿ,
ಅದರಾಗ ನೀರೂ ಕಡಿಮಿ ಆದ್ರ...
ನನ್ನ ಮಾರಿ ನೋಡಿ ಮಾತು ಅಲ್ಲೇ ಬಿಟ್ರು.

ನಲವತ್ತು ವರ್ಷ ಮಗ್ಗದ ಮುಂದ ಕುಂತೀನಿ.
ಕತ್ತಲ್ಯಾಗೂ ಹಾಸಿನ ಎಳಿಯೊಳಗಿನ ಗಂಟು
ನನ್ನ ಉಗುರಿಗೆ ಸಿಗತೈತಿ.
ಇದು ಸಿಗಲಿಲ್ಲ.

ಹೊಟ್ಟಿಗೆ ಇಂಜೆಕ್ಷನ್ನು, ಮುಂಜಾನೆ ಒಂದು ಸಂಜಿಗೊಂದು.
ಹೊಕ್ಕಳದ ಸುತ್ತ ನೀಲಿ ಕಲಿ.
ಹೆಪ್ಪು ಬೆಳೀಲಾರದಂಗ ತಡೀತೈತಿ ಇದು,
ಕರಗಸೂದು ಆಕಿ ಮೈ, ಅಂದ್ರು.
ಮೊಲಿ ಕುಡಸಬೌದೇನ್ರಿ?
ಕುಡಸ್ರಿ.
ನೀರು?
ನಕ್ರೋ ಇಲ್ಲೋ ತಿಳೀಲಿಲ್ಲ.

ಐದನೇ ದಿನ ಪದ್ದಿ ಬಲಗೈಲೇ ಲೋಟ ಹಿಡದ್ಲು.
ಅರ್ಧ ಸೀರಿ ಮ್ಯಾಲ ಚೆಲ್ಲಿ ಅರ್ಧ ಕುಡದ್ಲು.
ಇನ್ನೂ, ಅಂದ್ಲು.

ಆರು ತಿಂಗಳ ಗುಳಗಿ. ರಕ್ತ ತಪಾಸಣಿಗೆ ಹುಬ್ಬಳ್ಳಿ ಬಸ್ಸು.
ವಾಟಗಾ ಈಗ ಎಣ್ಣಿಗೆ ಇಟ್ಟೀನಿ.
ಮೊನ್ನಿ ಕೊನಿಮನಿ ತಿಪ್ಪವ್ವನ ಸೊಸಿ ಹಡದಾಳ.
ಟೊಂಕದ ಮ್ಯಾಲ ಕೊಡ ಇಟ್ಕೊಂಡು ಹೋದೆ.
ತಿಪ್ಪವ್ವ ಬಾಗಲಕ್ಕ ಅಡ್ಡ ನಿಂತ್ಲು:
ನಿನ್ನ ಮಗಳಿಗೆ ನೀನ ಹಂಗ ಮಾಡಿದಾಕಿ,
ನಮಗ ಹೇಳಾಕ ಬಂದೀಯೇನು?
ಹೌದವ್ವ, ಅಂದೆ. ಮಾಡಿದಾಕೀನ ಬಂದೀನಿ.
ಸರಿ ಒಂದೀಟು.